ಬಂಡೆಯ ತೂತಿನ ಗಾಳಿ

ಆಗಸ್ಟ್ ೨೪, ೧೯೮೭. ಸೋಮವಾರ. ಮಂಜು.

ಇವತ್ತೂ ದೋಣಿ ಬರಿಗೈಲಿ ಬಂತು. ತಿಮಿಂಗಿಲ ಸಿಕ್ಕ ದಿನ ನಮ್ಮ ದೋಣಿ ಕೋಯೊ ಮಾರು ಬಂದರಿಗೆ ಬರುವಾಗ ಉದ್ದಕ್ಕೆ ಕೂಗು ಹಾಕುತ್ತದೆ. ಅದನ್ನು ಕೇಳಿ ಊರಿನ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಕಟ್ಟೆಗೆ ಓಡುತ್ತಾರೆ. ಇವತ್ತು ಸದ್ದೇ ಇಲ್ಲ. ಮಂಜಿನೊಳಗಿಂದ ಕಳ್ಳನ ಹಾಗೆ ಬಂದು ನಿಂತಿತು.

ಬರಿಗೈ ಅಂದರೆ ಬಯ್ಗುಳ ಯಾರಿಗೆ? ಗುರಿಕಾರನ ಹೆಂಡತಿಗೆ, ಅಂದರೆ ನನಗೆ. ಇವರು ಫಿರಂಗಿ ಹಿಂದೆ ನಿಂತು ಈಟಿ ಹೊಡೆಯುತ್ತಾರೆ, ನಾನು ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಗುಡಿಯಲ್ಲಿ ಗಂಟೆ ಬಾರಿಸಿ ಬೇಡಿಕೊಳ್ಳುತ್ತೇನೆ. ಸಿಕ್ಕರೆ ಅವರ ಕೈಗುಣ, ಸಿಗದಿದ್ದರೆ ನನ್ನ ಭಕ್ತಿ ಸಾಲದು. ಅತ್ತೆ ಬದುಕಿದ್ದಾಗ ಅವರಿಗೂ ಇದೇ ಪಾಡು. ಇಸೊನೆ ಊರಿನಲ್ಲಿ ಇದು ಹೀಗೇ, ಯಾರನ್ನು ಕೇಳಿ ಏನು ಪ್ರಯೋಜನ.

ಎಲ್ಲೋ ದೂರದ ದೇಶದಲ್ಲಿ ಟೈ ಕಟ್ಟಿಕೊಂಡು ಸಭೆ ಕೂತವರು ಇಡೀ ಸಮುದ್ರಕ್ಕೆ ತಿಮಿಂಗಿಲದ ಕೋಟಾ ಹಂಚುತ್ತಾರೆ. ಹಂಚಿ ಹಂಚಿ ನಮ್ಮ ದೋಣಿಯ ಪಾಲಿಗೆ ಬಂದದ್ದರಲ್ಲಿ ಇನ್ನು ಒಂದೇ ಒಂದು ಉಳಿದಿದೆ. ಸೆಪ್ಟೆಂಬರ್ ಹದಿನೈದಕ್ಕೆ ಹಂಗಾಮು ಮುಗಿಯುತ್ತದೆ. ಮುಂದಿನ ವರ್ಷದಿಂದ ಆ ಒಂದೂ ಇಲ್ಲ, ಪೂರ್ತಿ ನಿಷೇಧ. ಕೊನೆಯ ತಿಮಿಂಗಿಲದ ಚಿತ್ರ ತೆಗೆಯೋಕೆ ಸೆಂದಾಯ್‌ನಿಂದ ಟಿ.ವಿ.ಯವರು ಬರುತ್ತಾರಂತೆ. ಇವರು ಅದಕ್ಕೆ ಅಂತ ಹೊಸ ಟೋಪಿ ಕೊಂಡಿದ್ದಾರೆ. ಅರವತ್ತು ಹತ್ತಿರ ಬಂತು, ಟೋಪಿ ಶೋಕಿ ಹೋಗಿಲ್ಲ.

ಊಟಕ್ಕೆ ಕೂತಾಗ ನಾನೇನೂ ಕೇಳಲಿಲ್ಲ. ಗುರಿಕಾರನ ಹೆಂಡತಿ ಕೇಳಬಾರದು. ಅವರೇ ಬಾಯಿಬಿಟ್ಟರು.

“ಹೊಡೆದೆ ಕಣೆ, ಫುಸಾ.”

“ಏನು?”

“ಹೊಡೆದೆ. ಹೆಗಲ ಹಿಂದೆ ಸರಿಯಾಗೇ ನಾಟ್ತು. ಈಟಿಯೊಳಗಿನ ಮದ್ದು ಸಿಡೀಲಿಲ್ಲ. ಹಗ್ಗ ಹರೀತು. ಮಂಜಲ್ಲಿ ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ.”

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹೊಡೆದು ಕಳೆದುಕೊಂಡರೂ ಅದು ಲೆಕ್ಕಕ್ಕೆ ಸೇರುತ್ತದೆ, ಈ ವರ್ಷ ಮೀನುಗಾರಿಕೆ ಇಲಾಖೆಯವರು ಊರಿನ ಸಭೆಯಲ್ಲೇ ಹೇಳಿದ್ದಾರೆ. ಲೆಕ್ಕ ಇಡೋಕೆ ಅವರು ಕಳಿಸಿದ ಇನ್ಸ್‌ಪೆಕ್ಟರಿಗೆ ಹೇಳಿದರೆ ಅದೇ ನಮ್ಮ ಕೊನೆಯದು. ಟಿ.ವಿ. ಇಲ್ಲ, ದೋಣಿಗೆ ಗೆಲುವಿನ ಬಾವುಟ ಇಲ್ಲ, ಇವರ ಮೂವತ್ತು ವರ್ಷದ ಗುರಿ ಒಂದು ಹರಿದ ಹಗ್ಗದಲ್ಲಿ ಮುಗಿದ ಹಾಗೆ.

“ಹೇಳಿದ್ರಾ?” ಅಂದೆ.

“ಹಿರಾತ್ಸುಕಾ ಬೇಡ ಅಂದ್ರು.” ಹಿರಾತ್ಸುಕಾ ದೋಣಿಯ ಮಾಲೀಕರು. “ನೀನೂ ಬಾಯಿ ಬಿಡಬೇಡ. ಸತ್ತು ಮುಳುಗಿರುತ್ತೆ ಬಿಡು.”

ನಾನು ಯಾರಿಗೆ ಹೇಳಲಿ. ಆದರೆ ನನಗೆ ಇದು ಇಷ್ಟವಾಗಲಿಲ್ಲ. ಸುಳ್ಳು ಹೇಳೋದಕ್ಕೆ ನಮ್ಮ ಮನೆಯಲ್ಲಿ ಯಾವತ್ತೂ ಜಾಗ ಇರಲಿಲ್ಲ.

ಆಗಸ್ಟ್ ೨೬, ಬುಧವಾರ. ಮಂಜು.

ಮಧ್ಯಾಹ್ನ ಬಟ್ಟೆ ತೆಗೆಯೋಕೆ ಹಿತ್ತಲಿಗೆ ಹೋಗಿದ್ದೆ. ಮಂಜಿನಲ್ಲಿ ಕೊಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಸಿಂಪಿ ಸಾಕುವ ತೆಪ್ಪಗಳೂ ಕಾಣುತ್ತಿರಲಿಲ್ಲ. ಆಗ ಕೇಳಿಸಿತು.

ಯಾರೋ ತುಂಬ ದಪ್ಪ ಮನುಷ್ಯ ಮೆಟ್ಟಿಲು ಹತ್ತಿ ಬಂದು ಉಸಿರು ಬಿಟ್ಟ ಹಾಗೆ. ಆಮೇಲೆ ಒಳಕ್ಕೆ ಎಳೆದುಕೊಳ್ಳುವಾಗ ಸಣ್ಣಗೆ ಗೊರ್ ಅಂತ ಒಂದು ಸದ್ದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ನಾನು ಹುಟ್ಟಿದ್ದು ಈ ಊರಲ್ಲಿ. ತಿಮಿಂಗಿಲದ ಉಸಿರು ಯಾವುದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಟ್ಟೆಗೆ ಮೂಗು ಹಿಡಿದರೆ ಕೊಳೆತ ಕೋಸಿನ ನಾತ. ಅದರ ಉಸಿರಿನ ನಾತ.

ಬುಟ್ಟಿ ಅಲ್ಲೇ ಬಿಟ್ಟು ಬಂದರಿಗೆ ಓಡಿದೆ. ಇವರು ಹಗ್ಗ ಸುತ್ತುತ್ತಾ ಕೂತಿದ್ದರು. “ರೀ, ಅದು ಸತ್ತಿಲ್ಲ. ಕೊಲ್ಲಿಯೊಳಗೇ ಇದೆ” ಅಂದೆ. ಇವರ ಮುಖದ ಬಣ್ಣವೇ ಹೋಯಿತು. “ನಿನಗೆಲ್ಲೋ ಭ್ರಮೆ” ಅಂದರು. ಅಷ್ಟರಲ್ಲಿ ಮತ್ತೆ ಕೇಳಿಸಿತು. ಇಬ್ಬರೂ ಕೇಳಿದೆವು. ಇವರು ತಲೆ ತಗ್ಗಿಸಿ ಹಗ್ಗ ಸುತ್ತತೊಡಗಿದರು.

ನನಗೆ ಭಯವಾಗುತ್ತಿದೆ. ಭಯಕ್ಕಿಂತ ಹೆಚ್ಚು ಸಂಕಟ. ಈಟಿ ಚುಚ್ಚಿಕೊಂಡು ಅದು ಇಲ್ಲಿಗೇ ಯಾಕೆ ಬರಬೇಕಿತ್ತು? ಅಷ್ಟು ದೊಡ್ಡ ಸಮುದ್ರ ಇದೆಯಲ್ಲ.

ಆಗಸ್ಟ್ ೨೮, ಶುಕ್ರವಾರ. ಬೆಳಿಗ್ಗೆ ಬಿಸಿಲು, ಆಮೇಲೆ ಮಂಜು.

ಪಕ್ಕದ ಮನೆ ಕಿಯೊಯೆ ಮೂಲಂಗಿ ಉಪ್ಪಿನಕಾಯಿ ತಂದಳು. ಅವಳ ಗಂಡ ನಮ್ಮ ದೋಣಿಯ ಇಂಜಿನ್ ನೋಡಿಕೊಳ್ಳುವವನು. ಇನ್ಸ್‌ಪೆಕ್ಟರ್ ನಿಶಿವಾಕಿ ಬಾಡಿಗೆಗಿರುವುದೂ ಅವಳ ಮನೆಯ ಮಹಡಿಯಲ್ಲೇ. ಪಾತ್ರೆ ಖಾಲಿ ಕೊಡಬಾರದಲ್ಲ, ವಾಡಿಕೆಯಂತೆ ಒಂದು ಬೆಂಕಿಪೊಟ್ಟಣ ಹಾಕಿ ಹಿಂದೆ ಕೊಟ್ಟೆ. ಅವಳು ಹೋಗಲಿಲ್ಲ. ಹೊಸಿಲಲ್ಲೇ ನಿಂತು ಏಪ್ರನ್ನನ್ನು ಎಳೆದೆಳೆದು ಸರಿಮಾಡಿಕೊಂಡಳು.

“ಅಕ್ಕಾ, ಮೂಡಲ ತುದೀಲಿ ಒಂದು ಬಂಡೆ ಇದೆಯಲ್ಲ, ತೂತಿರೋದು.”

“ಯಾವ ಬಂಡೆ?”

“ಅದೇ ಅಕ್ಕಾ. ಗಾಳಿ ಬಂದ್ರೆ ಉಸಿರು ಬಿಟ್ಟ ಹಾಗೆ ಸದ್ದು ಮಾಡುತ್ತಲ್ಲ.”

ಮೂಡಲ ತುದಿಯಲ್ಲಿ ಅಂಥ ಬಂಡೆ ಇಲ್ಲ. ನಾನೂ ಅವಳೂ ಚಿಕ್ಕಂದಿನಲ್ಲಿ ಕಾಲಿಡದ ಬಂಡೆ ಆ ಕಡೆ ಒಂದೂ ಇಲ್ಲ. ಅದನ್ನೇ ಹೇಳಿದೆ. ಕಿಯೊಯೆ ನಕ್ಕಳು. ಅವಳ ತುಟಿ ಮಾತ್ರ ನಗುತ್ತಿತ್ತು.

“ಇದೆ ಅಕ್ಕಾ. ಅಂಗಡಿ ಸೆಕಿಯಾನೂ ಹೇಳಿದ. ಸಿಂಪಿ ಸಾಕೋರೂ ಹೇಳಿದ್ರು. ಎಲ್ರೂ ಹೇಳ್ತಿದ್ದಾರೆ.” ಆಮೇಲೆ ಸಣ್ಣ ದನಿಯಲ್ಲಿ ಅಂದಳು, “ನಿಷೇಧ ಇವತ್ತಲ್ಲ ನಾಳೆ ತೆಗೀತಾರೆ. ಆಗ ಲೈಸೆನ್ಸ್ ಕೊಡೋದು ಯಾರಿಗೆ? ಹೆಸರಿಗೆ ಕಪ್ಪು ಇಲ್ಲದವರಿಗೆ. ಭಾವನ ಹೆಸರು ಹೋದ್ರೆ ಇಡೀ ಊರೇ ಹೋದಂಗೆ.”

ಅವಳು ಹೋದ ಮೇಲೆ ನನಗೆ ಮೈ ಉರಿದುಹೋಯಿತು. ಇಡೀ ಊರಿಗೆ ಗೊತ್ತಿದೆ. ಯಾರೂ ಸಭೆ ಸೇರಲಿಲ್ಲ, ಯಾರೂ ಮಾತಾಡಿಕೊಂಡದ್ದು ನಾನು ಕಾಣೆ. ಆದರೂ ಎಲ್ಲರ ಬಾಯಲ್ಲೂ ಒಂದೇ ಬಂಡೆ!

ಆಗಸ್ಟ್ ೩೧, ಸೋಮವಾರ. ಮಂಜು.

ಊರಿನ ಧ್ವನಿವರ್ಧಕ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಹಾಡು ಹಾಕುವುದು. ಈಗ ಮಂಜು ಇಳಿದ ತಕ್ಷಣ ಶುರುವಾಗುತ್ತದೆ, ಮಂಜು ಏಳುವವರೆಗೂ ನಿಲ್ಲಿಸುವುದಿಲ್ಲ. ದೋಣಿಗಳಿಗೆ ದಾರಿ ಗೊತ್ತಾಗಲಿ ಅಂತ ಅಂತೆ. ಆ ಹಾಡು ಮುಗಿದು ಮತ್ತೆ ಮೊದಲಾಗುವ ನಡುವೆ ಒಂದು ಚೂರು ಬಿಡುವು ಇರುತ್ತದಲ್ಲ, ಆ ಬಿಡುವಿನಲ್ಲಿ ಅದು ಉಸಿರು ಬಿಡುತ್ತದೆ.

ಗುಡಿಯಲ್ಲಿ ಕೈಮುಗಿದು ನಿಂತಾಗ ನನ್ನ ಬಾಯಿಂದ “ಸಿಗಲಿ” ಅಂತ ಬರಲಿಲ್ಲ. “ಸತ್ತುಹೋಗಲಿ” ಅಂತ ಬಂತು. ನನ್ನ ಬಾಯಿಗೆ ನಾನೇ ಹೆದರಿದೆ.

ಸೆಪ್ಟೆಂಬರ್ ೩, ಗುರುವಾರ. ಮಂಜು.

ನಿಶಿವಾಕಿ ಸಾಹೇಬರು ಇವತ್ತು ನಮ್ಮ ಬಾಗಿಲಿಗೆ ಬಂದರು. ತೋಕಿಯೊದ ಹುಡುಗ, ಮೂವತ್ತರ ಆಸುಪಾಸು. ಕನ್ನಡಕ, ಇಸ್ತ್ರಿ ಪ್ಯಾಂಟು, ಕಾಲಿಗೆ ಮಾತ್ರ ಕಿಯೊಯೆಯ ಗಂಡನ ರಬ್ಬರ್ ಬೂಟು. ಎರಡು ನಂಬರ್ ದೊಡ್ಡದು. ನಡೆದರೆ ಬಾತುಕೋಳಿ.

“ಅಮ್ಮಾ, ಒಂದು ಕೇಳ್ಬೇಕಿತ್ತು. ಈ ಸದ್ದು ಏನು?”

“ಯಾವ ಸದ್ದು ಸಾಹೇಬ್ರೆ?”

“ಈಗ ಕೇಳಿಸ್ತಲ್ಲ. ಉಸಿರಾಡಿದ ಹಾಗೆ. ಮನೆಯವರನ್ನ ಕೇಳಿದ್ರೆ ಬಂಡೆ ಅಂತಾರೆ. ಅಂಗಡೀಲಿ ಕೇಳಿದ್ರೂ ಬಂಡೆ. ದೋಣಿ ಮಾಡ್ಕೊಂಡು ಹೋಗಿ ನೋಡ್ದೆ, ಅಂಥ ಬಂಡೆ ನನಗೇನೂ ಕಾಣ್ಲಿಲ್ಲ.”

ಒಳಗೆ ಇವರು ಇದ್ದರು. ಕಾಗದದ ಬಾಗಿಲ ಹಿಂದೆ ಇವರ ನೆರಳು ಅಲುಗಾಡದೆ ನಿಂತಿತ್ತು. ಮೂವತ್ತು ವರ್ಷ ಊರಿಗೆ ಅನ್ನ ಹಾಕಿದ ಮನುಷ್ಯ, ಹೆಂಡತಿಯ ಬಾಯಿಂದ ಏನು ಬರುತ್ತದೋ ಅಂತ ಕಾಯುತ್ತಾ ನಿಂತಿದ್ದಾರೆ.

“ಭರತ ಬಂದಾಗ ಮುಳುಗುತ್ತೆ ಸಾಹೇಬ್ರೆ, ಅದಕ್ಕೇ ಕಂಡಿಲ್ಲ. ಇಳಿತದಲ್ಲಿ ಹೋಗಿ” ಅಂದೆ. ಎಲ್ಲಿಂದ ಬಂತೋ ಆ ಮಾತು. “ನಮ್ಮಜ್ಜಿ ತೋರಿಸಿದ್ರು ನನಗೆ. ಅಷ್ಟಗಲ ತೂತು. ಗಾಳಿ ಒಳಗೆ ಹೋಗುವಾಗ ಗೊರ್ ಅನ್ನುತ್ತೆ.”

ಅವರು ತಲೆ ಅಲ್ಲಾಡಿಸಿದರು. “ಗೊರ್ ಅನ್ನೋದು ನಾನು ನಿಮಗೆ ಹೇಳ್ಲೇ ಇಲ್ವಲ್ಲ” ಅಂದರು. ಆದರೆ ಅವರು ಅಷ್ಟಕ್ಕೇ ಬಿಟ್ಟರು. ಊರಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಸಮುದ್ರದ ಗಾಳಿಗೆ ಕಿವಿಯೊಳಗೆ ಹೀಗಾಗುತ್ತದೆ ಅಂತ ಡಾಕ್ಟರು ಹನಿ ಕೊಟ್ಟಿದ್ದಾರೆ. ದಿನಕ್ಕೆ ಮೂರು ಸಲ ಹಾಕಿಕೊಳ್ಳಬೇಕಂತೆ. ಪಾಪ ಅನ್ನಿಸಿತು. ನಗೂ ಬಂತು.

ಇವರು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ಬಂದರಿಗೆ ಹೊರಟರು. ನನ್ನನ್ನು ನೋಡಲೂ ಇಲ್ಲ.

ಸೆಪ್ಟೆಂಬರ್ ೭, ಸೋಮವಾರ. ಮೋಡ.

ಜಗಳ. ಇವರು ಹಿರಾತ್ಸುಕಾ ಅವರ ಮನೆಗೆ ಹೋಗಿ, “ನಾನು ಹೋಗಿ ಅದನ್ನ ಮುಗಿಸಿ ಬರ್ತೀನಿ. ಕಟ್ಟೆಗೆ ತಂದು ಹಾಕ್ತೀನಿ. ನಮ್ಮ ಕೊನೇದು ಅದೇ ಅಂತ ಬರ್ಕೊಳ್ಳಲಿ” ಅಂದರಂತೆ. ಮಾಲೀಕರು ಕೂಗಾಡಿದ್ದಾರೆ. ಒಂದು ಮೈಯಲ್ಲಿ ಎರಡು ಈಟಿ ಕಂಡರೆ ಇನ್ಸ್‌ಪೆಕ್ಟರ್ ಏನು ಕುರುಡನೇ? ಈಟಿಯ ಮೇಲೆ ದೋಣಿಯ ಗುರುತು ಹೊಡೆದಿದೆ. ಇಷ್ಟು ದಿನ ಬಚ್ಚಿಟ್ಟದ್ದು ಗೊತ್ತಾದರೆ ಲೈಸೆನ್ಸು ಇವತ್ತೇ ರದ್ದು. “ಹೊಸದೊಂದು ಹೊಡ್ಕೊಂಡು ಬಾ, ಗಂಡಸಾದ್ರೆ” ಅಂದರಂತೆ.

ಮನೆಗೆ ಬಂದು ನನ್ನ ಹತ್ತಿರ ಹೇಳಿಕೊಂಡರು. “ಅದಕ್ಕೆ ನೋವಾಗ್ತಿದೆ ಫುಸಾ. ಉಸಿರು ಎಳೆಯೋ ಸದ್ದು ಕೇಳ್ದೆಯಾ? ಶ್ವಾಸಕೋಶಕ್ಕೆ ಹೋಗಿದೆ ನನ್ನ ಈಟಿ.”

“ಮಾಲೀಕರು ಹೇಳೋದೂ ಸರಿ ಇದೆ” ಅಂದೆ.

ಇವರು ನನ್ನ ಮುಖ ನೋಡಿದರು. ಸರಿ ಇಲ್ಲವೇ ಮತ್ತೆ? ಇನ್ನೆಷ್ಟು ದಿನ, ಹದಿನೈದಕ್ಕೆ ಮುಗಿಯುತ್ತದೆ. ಅಷ್ಟು ದಿನ ಸುಮ್ಮನಿದ್ದರೆ ಯಾರ ಗಂಟೇನೂ ಹೋಗುವುದಿಲ್ಲ.

ಸೆಪ್ಟೆಂಬರ್ ೮, ಮಂಗಳವಾರ. ಮಂಜು.

ಗಾಳಿ ಜೋರಿತ್ತು. ಬಟ್ಟೆ ಒಳಗೇ ಒಣಗಿಸಿದೆ.

ಸೆಪ್ಟೆಂಬರ್ ೧೧, ಶುಕ್ರವಾರ. ಬಿಸಿಲು.

ಮಾನ ಹೋಯಿತು! ಬಂದರಿನಲ್ಲಿ ಹೆಂಗಸರ ಎದುರು ತಲೆ ಎತ್ತದ ಹಾಗಾಯಿತು.

ಕಿಯೊಯೆಯ ಗಂಡನೇ ಕಣ್ಣಾರೆ ನೋಡಿದ್ದು. ಬೆಳಿಗ್ಗೆ ತಿಳಿ ಸಮುದ್ರ. ಹೊರಗಡಲಲ್ಲಿ ಒಂದು ತಿಮಿಂಗಿಲ ದೋಣಿಯ ಮೂತಿಯ ಎದುರೇ ಎದ್ದಿತಂತೆ. ಕಲ್ಲೆಸೆದರೂ ತಗಲುವಷ್ಟು ಹತ್ತಿರ. ಇವರು ಫಿರಂಗಿ ತಿರುಗಿಸಿ ಗುರಿ ಹಿಡಿದರು. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಇವರು ಕೈ ಬಿಟ್ಟರು. ಸುಮ್ಮನೆ ಕೈ ಬಿಟ್ಟು, ಹೊಸ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, “ನಮ್ಮ ಕೋಟಾ ಮುಗಿದಿದೆ” ಅಂದರಂತೆ. ತಿಮಿಂಗಿಲ ಮುಳುಗಿ ಹೋಯಿತು.

“ಅಕ್ಕಾ, ನೀವು ಗುಡೀಲಿ ಏನು ಬೇಡ್ಕೊಳ್ತೀರಿ ಹೇಳಿ ಸ್ವಲ್ಪ” ಅಂತ ಕಿಯೊಯೆ ಎಲ್ಲರೆದುರೂ ಕೇಳಿದಳು. ಉಳಿದವರು ಕಿಸಕ್ಕಂದರು.

ಮನೆಗೆ ಬಂದು ಇವರನ್ನು ಚೆನ್ನಾಗಿ ಬೈದೆ. ಮದುವೆಯಾದಾಗಿನಿಂದ ಹೀಗೆ ಬೈದಿರಲಿಲ್ಲ. “ಮೂವತ್ತು ವರ್ಷ ಗುಡ್ಡ ಹತ್ತಿ ಹತ್ತಿ ನನ್ನ ಮಂಡಿ ಸವೆದದ್ದು ಇದಕ್ಕಾ? ಕೋಟಾ ಮುಗಿದಿದೆ ಅನ್ನೋಕೆ ನೀವ್ಯಾರು? ಇನ್ನೂ ಒಂದು ಬಾಕಿ ಇದೆ ಅಂತ ಬೋರ್ಡಲ್ಲಿ ಬರೆದಿದ್ದಾರೆ, ಕಣ್ಣು ಕಾಣಲ್ವಾ?”

“ಒಂದು ಆಯ್ತಲ್ಲೇ. ಅಲ್ಲೇ ಇದೆಯಲ್ಲ” ಅಂತ ಕೊಲ್ಲಿಯ ಕಡೆ ಕೈ ತೋರಿಸಿದರು.

“ಅಲ್ಲಿ ಏನಿದೆ?” ಅಂದೆ.

ಇವರು ಕೈ ಇಳಿಸಿದರು. ಬಿಸಿಲಿನಲ್ಲಿ ಕೊಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ತೆಪ್ಪಗಳು ಮಾತ್ರ ಯಾಕೋ ಎಲ್ಲ ಒಂದೇ ಕಡೆಗೆ ಸರಿದು ನಿಂತಿದ್ದವು.

ಸೆಪ್ಟೆಂಬರ್ ೧೩, ಭಾನುವಾರ. ಮಂಜು.

ಚಿಕ್ಕಂದಿನಲ್ಲಿ ಆ ತೂತಿನ ಬಂಡೆಯ ಮೇಲೆ ಕೂತು ನಾನೂ ಕಿಯೊಯೆಯೂ ಏಡಿ ಹಿಡಿಯುತ್ತಿದ್ದೆವು. ಅಜ್ಜಿ ದಡದಲ್ಲಿ ನಿಂತು ಬಯ್ಯುತ್ತಿದ್ದರು, ತೂತಿಗೆ ಕಾಲು ಹಾಕಬೇಡಿ ಅಂತ. ಗಾಳಿ ಬಂದಾಗ ಅಂಗಾಲಿಗೆ ಬೆಚ್ಚಗೆ ಬಡಿಯುತ್ತಿತ್ತು. ಇವತ್ತು ಅದೆಲ್ಲ ನೆನಪಾಗಿ ಮನಸ್ಸಿಗೆ ಹಿತವಾಯಿತು.

ಸೆಪ್ಟೆಂಬರ್ ೧೫, ಮಂಗಳವಾರ. ಮಳೆ.

ಹಂಗಾಮು ಮುಗಿಯಿತು. ಟಿ.ವಿ.ಯವರು ಬಂದು ಖಾಲಿ ಫಿರಂಗಿಯ ಚಿತ್ರ ತೆಗೆದುಕೊಂಡು ಹೋದರು. ಇವರು ಮನೆಯಿಂದ ಹೊರಗೆ ಬರಲಿಲ್ಲ. ಒಂದು ಬಾಕಿ ಉಳಿದು ಮುಗಿದ ದೋಣಿ ಅಂದರೆ ನಮ್ಮದೇ. ಆದರೂ ಹೆಸರಿಗೆ ಕಪ್ಪು ಬರಲಿಲ್ಲವಲ್ಲ, ಅಷ್ಟೇ ಸಾಕು. ನಾಳಿದ್ದು ನಿಶಿವಾಕಿ ಸಾಹೇಬರು ಹೊರಡುತ್ತಾರೆ. ಆಮೇಲೆ ಎಲ್ಲ ಸರಿಹೋಗುತ್ತದೆ.

ಸೆಪ್ಟೆಂಬರ್ ೧೬, ಬುಧವಾರ. ಮಳೆ ನಿಂತು ಮಂಜು.

ಇವತ್ತು ಕಟ್ಟೆ ಖಾಲಿ ಇತ್ತು. ಇದನ್ನು ಮೊದಲು ಬರೆದುಬಿಡುತ್ತೇನೆ.

ತಿಮಿಂಗಿಲವನ್ನು ಎಳೆದು ಹಾಕಿ ಕೊಯ್ಯುವ ಸಿಮೆಂಟಿನ ಇಳಿಜಾರು ಕಟ್ಟೆ ನೀರಿನವರೆಗೂ ಇಳಿಯುತ್ತದೆ. ಬೆಳಿಗ್ಗೆ ದೊಡ್ಡ ಭರತ ಬಂದು ಇಳಿದಿತ್ತು. ಕಿಯೊಯೆ ಬಾಗಿಲು ಬಡಿದಳು, ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರೂ ಹೋದೆವು. ಆಗಲೇ ಊರಿಗೆ ಊರೇ ಬಂದು ನಿಂತಿತ್ತು. ಕಟ್ಟೆಯ ಮೇಲೆ ಏನೂ ಇರಲಿಲ್ಲ. ನಾವೆಲ್ಲ ಅದರ ಸುತ್ತ ನಿಂತಿದ್ದೆವು. ಬಾಲದ ಕಡೆ ಯಾರೂ ನಿಲ್ಲಲಿಲ್ಲ.

ನಿಶಿವಾಕಿ ಸಾಹೇಬರು ಆ ದೊಡ್ಡ ಬೂಟು ಎಳೆದುಕೊಂಡು ಓಡಿ ಬಂದರು. “ಇದು ಯಾವಾಗ ಬಂತು? ಜೀವ ಇದೆ! ಈಟಿ ಇದೆ ಮೈಯಲ್ಲಿ! ಯಾರ ಈಟಿ ಇದು?” ಅಂತ ಒಂದೇ ಸಮನೆ ಕೂಗಿದರು.

“ಏನು ಸಾಹೇಬ್ರೆ?” ಅಂದರು ಹಿರಾತ್ಸುಕಾ.

“ಏನು ಅಂದ್ರೆ? ಎದುರಿಗೇ ಇದೆಯಲ್ರೀ!”

“ಎಲ್ಲಿ?”

ಸಾಹೇಬರು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದರು. ಅಂಗಡಿ ಸೆಕಿಯಾ, ಡಾಕ್ಟರು, ಸಿಂಪಿ ಸಾಕುವವರು, ಕಿಯೊಯೆ. ಎಲ್ಲರೂ ಅವರನ್ನು ಕನಿಕರದಿಂದ ನೋಡುತ್ತಿದ್ದರು, ಜ್ವರ ಬಂದವರನ್ನು ನೋಡುವ ಹಾಗೆ. ಕೊನೆಗೆ ನನ್ನ ಹತ್ತಿರ ಬಂದರು. “ಅಮ್ಮಾ, ನೀವಾದ್ರೂ ಹೇಳಿ” ಅಂದರು. ಕಣ್ಣಲ್ಲಿ ನೀರಿತ್ತು.

“ಮಂಜಲ್ಲಿ ಹಾಗೆ ಕಾಣುತ್ತೆ ಸಾಹೇಬ್ರೆ. ನಿದ್ದೆ ಕಡಿಮೆಯಾಗಿದೆ ನಿಮಗೆ. ಒಂದು ಲೋಟ ಬಿಸಿ ಟೀ ಕುಡೀರಿ” ಅಂದೆ.

ಯಾರೋ ಅವರ ಹೆಗಲಿಗೆ ಕೋಟು ಹೊದಿಸಿದರು. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ ಮೇಲೆ ಹಾಕಿಕೊಳ್ಳಲಿಲ್ಲ. ಕಿಸೆಯಲ್ಲಿಟ್ಟುಕೊಂಡು, “ಹೌದು, ಮಂಜು” ಅಂದರು. ಕಿಯೊಯೆ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು.

ಇವರು ಬಂದದ್ದು ಆಮೇಲೆ. ಯಾರು ಹೇಳಿದರೋ. ಬರಿಗಾಲಲ್ಲಿ ಬಂದು, ಯಾರನ್ನೂ ನೋಡದೆ ನೇರ ಕಟ್ಟೆಗೆ ಇಳಿದು ಮಂಡಿಯೂರಿದರು. ಅಂಗೈ ಚಾಚಿ ಎದೆ ಎತ್ತರದಲ್ಲಿ, ಏನೂ ಇಲ್ಲದ ಕಡೆ, ಇಟ್ಟರು. ಅಂಗೈ ತಾನಾಗಿ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ತುಂಬ ಹೊತ್ತು ಏಳುತ್ತಿರಲಿಲ್ಲ, ಮತ್ತೆ ಏಳುತ್ತಿತ್ತು. ಯಾರೂ ಮಿಸುಕಲಿಲ್ಲ. ಕೊಲ್ಲಬೇಕೆಂದರೆ ಹಂಗಾಮು ಮುಗಿದಿದೆ. ತಳ್ಳಬೇಕೆಂದರೆ ಏನನ್ನು ತಳ್ಳುವುದು? ನಿಂತೇ ಇದ್ದೆವು. ಕೊನೆಗೆ ಇಳಿದ ಕೈ ಏಳಲಿಲ್ಲ.

ಇವರು ಎದ್ದು ನಮ್ಮ ಕಡೆ ತಿರುಗಿ, “ಈಟಿ ನನ್ನದು. ಎಲ್ರಿಗೂ ಗೊತ್ತಲ್ವಾ, ನನ್ನದು” ಅಂದರು.

“ಇಸಾಮು, ಮನೆಗೆ ಹೋಗಪ್ಪ” ಅಂದರು ಹಿರಾತ್ಸುಕಾ, ತುಂಬ ಮೃದುವಾಗಿ. “ಕಟ್ಟೆ ತೊಳೀಬೇಕು.”

ನಾನು ಹೋಗಿ ಇವರ ತೋಳು ಹಿಡಿದೆ. “ಬನ್ನಿ, ಗಂಜಿ ಆರ್ತಾ ಇದೆ. ಇಲ್ಲಿ ಏನೂ ಇಲ್ಲ” ಅಂದೆ. ಇವರು ನನ್ನ ಕೈಯನ್ನು ಬಿಡಿಸಿಕೊಂಡು ಒಬ್ಬರೇ ಹೋದರು. ನಾನು ತೊಳೆಯೋಕೆ ನಿಂತೆ.

ಖಾಲಿ ಕಟ್ಟೆ ತೊಳೆಯೋದಕ್ಕೆ ಇಡೀ ಊರು ಬೇಕಾಯಿತು. ಗಂಡಸರು ಉದ್ದ ಹಿಡಿಕೆಯ ಚೂರಿಗಳನ್ನು ತಂದರು, ಮಸೆದರು, ಮತ್ತೆ ಮತ್ತೆ ಮಸೆದರು. ನಾವು ನೀರು ಹೊತ್ತೆವು. ಧ್ವನಿವರ್ಧಕ ಹಾಡುತ್ತಲೇ ಇತ್ತು. ಹಿರಾತ್ಸುಕಾ ಏನೋ ಕಬ್ಬಿಣದ್ದನ್ನು ಚಾಪೆಯಲ್ಲಿ ಸುತ್ತಿ, ಸಣ್ಣ ದೋಣಿಯಲ್ಲಿ ಆಳಕ್ಕೆ ಹೋಗಿ ಬರಿಗೈಲಿ ಬಂದರು. ಸಂಜೆಗೆ ಕಟ್ಟೆ ಕನ್ನಡಿಯ ಹಾಗಾಯಿತು. ನನ್ನ ಏಪ್ರನ್ ಮೂರು ಸಲ ಸೋಪು ಹಾಕಿದರೂ ಬಿಳಿಯಾಗಲಿಲ್ಲ, ಕೊನೆಗೆ ಒಲೆಗೆ ಹಾಕಿದೆ. ಸೊಂಟ ಮುರಿದುಹೋಗಿದೆ. ಆದರೆ ಮನಸ್ಸು ಎಷ್ಟು ಹಗುರವಾಗಿದೆ ಅಂದರೆ, ತಿಂಗಳಿಂದ ಹೀಗಿರಲಿಲ್ಲ.

ಸೆಪ್ಟೆಂಬರ್ ೧೭, ಗುರುವಾರ. ಬಿಸಿಲು.

ನಿಶಿವಾಕಿ ಸಾಹೇಬರನ್ನು ಬಸ್ಸಿಗೆ ಹತ್ತಿಸೋಕೆ ಎಲ್ಲರೂ ಹೋದೆವು. ಅವರ ಚೀಲದ ತುಂಬ ಕಡಲಪಾಚಿ, ಒಣಮೀನು, ಉಪ್ಪಿನಕಾಯಿ. ಅವರು ತಮ್ಮದೇ ಬೂಟು ಹಾಕಿಕೊಂಡಿದ್ದರು, ಕನ್ನಡಕ ಇರಲಿಲ್ಲ. ಕಿಯೊಯೆ ಕಣ್ಣೊರೆಸಿಕೊಂಡಳು, ಮನೆ ಮಗ ಹೋದ ಹಾಗೆ.

ಇವರು ಜನರನ್ನು ತಳ್ಳಿಕೊಂಡು ಬಂದು ಬಸ್ಸಿನ ಮೆಟ್ಟಿಲ ಹತ್ತಿರ ಅವರ ತೋಳು ಹಿಡಿದರು.

“ಸಾಹೇಬ್ರೆ, ಆಗಸ್ಟ್ ಇಪ್ಪತ್ನಾಲ್ಕಕ್ಕೆ ನಾನು ಒಂದು ಹೊಡೆದೆ. ಹೇಳ್ಲಿಲ್ಲ. ಅದು ನಮ್ಮ ಕೊನೇದು. ನಮ್ಮ ಕೋಟಾ ಪೂರ್ತಿಯಾಗಿದೆ ಅಂತ ಬರ್ಕೊಳ್ಳಿ. ನನ್ನ ಲೈಸೆನ್ಸ್ ತಗೊಳ್ಳಿ.”

ಲೈಸೆನ್ಸನ್ನು ಕಿಸೆಯಿಂದ ತೆಗೆದು ಚಾಚಿದರು. ಊರೆಲ್ಲ ನೋಡುತ್ತಿತ್ತು.

ಸಾಹೇಬರು ಕಣ್ಣು ಕಿರಿದು ಮಾಡಿ ಇವರನ್ನು ನೋಡಿದರು. “ಯಾವುದು?” ಅಂದರು.

“ನಿನ್ನೆ ನೀವೇ ನೋಡಿದ್ರಲ್ಲ. ಕಟ್ಟೆ ಮೇಲೆ.”

“ನಿನ್ನೆ ಕಟ್ಟೆ ಖಾಲಿ ಇತ್ತು. ನನ್ನ ವರದಿಯಲ್ಲಿ ಹಾಗೇ ಇದೆ” ಅಂದರು. ಆಮೇಲೆ ಇವರ ಬೆನ್ನು ತಟ್ಟಿ, “ಮಂಜಲ್ಲಿ ಹಾಗೆ ಕಾಣುತ್ತೆ ಯಜಮಾನ್ರೆ. ನಿದ್ದೆ ಮಾಡಿ” ಅಂದರು.

ಬಸ್ಸು ಹೋಯಿತು. ಇವರು ಲೈಸೆನ್ಸು ಹಿಡಿದ ಕೈ ಚಾಚಿಕೊಂಡೇ ನಿಂತಿದ್ದರು. ಜನ ಸುತ್ತುಬಳಸಿ ಮನೆಗಳಿಗೆ ಹೋದರು. ಒಳ್ಳೆಯ ಬಿಸಿಲು ಅಂತ ನಾನು ಹಾಸಿಗೆಗಳನ್ನು ಹೊರಗೆ ಹಾಕಿದೆ.

ಸೆಪ್ಟೆಂಬರ್ ೨೦, ಭಾನುವಾರ. ಬಿಸಿಲು.

ಹಿರಿಯರಿಗೆ ಎಡೆ ಇಡುವ ವಾರ ಶುರುವಾಯಿತು. ಅತ್ತೆಯ ಸಮಾಧಿ ತೊಳೆದು ಹೂವಿಟ್ಟು ಬಂದೆ. ಇವರು ಬರಲಿಲ್ಲ. ಮೂರು ದಿನದಿಂದ ಮಾತಿಲ್ಲ, ಗೋಡೆಯ ಕಡೆ ತಿರುಗಿ ಕೂತಿದ್ದಾರೆ. ಡಾಕ್ಟರು ಬಂದು ನೋಡಿ ಹೋದರು. ಕಿವಿಗೆ ಹನಿ ಕೊಟ್ಟರು.

ಮಧ್ಯಾಹ್ನ ಕಿಯೊಯೆ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ತಂದಳು. ಒಳ್ಳೆಯ ಕೆಂಪು ಮಾಂಸ, ಎರಡಾಳಿಗೆ ಬೇಕಾದಷ್ಟು. ಪ್ರತಿ ಮನೆಗೂ ಬಂದಿದೆಯಂತೆ. ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಹಬ್ಬದ ದಿನ ಅಂಥದ್ದೆಲ್ಲ ಕೇಳಬಾರದು. ತೆಳ್ಳಗೆ ಹೆಚ್ಚಿ, ಶುಂಠಿ ತುರಿದು, ಎರಡು ತಟ್ಟೆಗೆ ಹಾಕಿ ಒಂದನ್ನು ಇವರ ಮುಂದಿಟ್ಟೆ.

ಇವರು ತಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮೂರು ದಿನದ ಮೇಲೆ ಮೊದಲ ಸಲ ಬಾಯಿ ತೆರೆದರು.

“ಇದು ಏನು ಅಂತ ಗೊತ್ತಾ ನಿನಗೆ?”

“ಕಿಯೊಯೆ ಕೊಟ್ಟಳು. ತಿನ್ನಿ.”

“ಮೊದಲು ಕೇಳಿಸ್ಕೊಂಡವಳು ನೀನೇ ಅಲ್ವೇನೆ, ಫುಸಾ. ಬಟ್ಟೆ ತೆಗೆಯೋಕೆ ಹೋದವಳು ಬಂದರಿಗೆ ಓಡಿ ಬಂದು ನನಗೆ ಹೇಳಿದವಳು. ನೀನು ಹೇಳು ಒಂದು ಸಲ. ನೀನೊಬ್ಬಳು ಹೇಳಿದ್ರೆ ಸಾಕು ನನಗೆ.”

ಬಟ್ಟೆ ತೆಗೆಯೋಕೆ ದಿನಾ ಹೋಗುತ್ತೇನೆ. ಬಂದರಿಗೆ ನಾನ್ಯಾಕೆ ಓಡಲಿ? ಹಾಗೇನೂ ಹೇಳಿದ ನೆನಪಿಲ್ಲ ನನಗೆ. ಅದನ್ನೇ ಅಂದೆ. ಇವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಇವರು ಅತ್ತದ್ದನ್ನು ನಾನು ಯಾವತ್ತೂ ಕಂಡವಳಲ್ಲ. ಅಯ್ಯೋ ಪಾಪ ಅನ್ನಿಸಿತು, ಬೆನ್ನು ನೀವಿದೆ. ನನ್ನ ಕೈ ಮುಟ್ಟಿದ ಕಡೆ ಇವರ ಮೈ ಸೆಟೆದುಕೊಂಡಿತು.

ತಟ್ಟೆಗೆ ಕೈ ಹಾಕಲೇ ಇಲ್ಲ. ಇಷ್ಟು ಒಳ್ಳೆಯ ಮಾಂಸ ಇನ್ನು ಯಾವ ವರ್ಷಕ್ಕೆ ಸಿಗುತ್ತದೋ ಏನೋ. ಕೆಡಿಸೋದು ಯಾಕೆ ಅಂತ ಇವರ ಪಾಲನ್ನೂ ನಾನೇ ತಿಂದೆ.